ತಾಟಿನ ಮೇಲಿನ ಹೆಸರು

"ಆ ನಾಲ್ಕು ಮಂಗ್ಯಾಗೋಳ್ನ ಅಡಿಗಿ ಖೋಲ್ಯಾಗ ನೂಕಿ ಕೊಂಡಿ ಹಾಕು. ಸಾಹೇಬ್ರು ಹೋಗೋತನ ಒಂದರ ಮಾರೀನೂ ಕಾಣಬಾರ್ದು."

ಮಹಾರುದ್ರಪ್ಪ ಇಷ್ಟು ಹೇಳಿ, ಬಿಸಿಯೂಟ ಬೇಯಿಸುವ ಸೂಗಮ್ಮ ಆಗಷ್ಟೇ ತೊಳೆದ ಕಟ್ಟೆಯ ಮೇಲೆ ತಂಬಾಕು ಉಗುಳಿದ. ಅವಳ ಅಡುಗೆ ಕೋಣೆಗೆ ಅವನೆಂದೂ ಕಾಲಿಟ್ಟವನಲ್ಲ. ಉಗುಳಿಗೆ ಮಾತ್ರ ಮೈಲಿಗೆಯಿಲ್ಲ.

ಅವನು ಈ ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷ, ಹುಮನಾಬಾದ್ ರಸ್ತೆಯ ಕಾನ್ವೆಂಟಿಗೆ ಮಾಲೀಕ. ಇಲ್ಲಿಯ ಮಕ್ಕಳನ್ನು ಅಲ್ಲಿಗೆ ಎಳೆದವನೂ ಅವನೇ; ಇಲ್ಲಿ ಉಳಿದದ್ದು ನಾಲ್ವರು. ಈಗ ಶಾಲೆಗೆ ಎರಡು ಹೊಸ ಕೋಣೆ ಮಂಜೂರಾಗಿದ್ದವು. ಗುತ್ತಿಗೆ ಅವನ ಅಳಿಯನದು. ಮಕ್ಕಳಿಲ್ಲ, ಇದ್ದವರಿಗೂ ಓದು ಬರುವುದಿಲ್ಲ ಎಂದು ತಪಾಸಣೆಗೆ ಬರುವ ಸಾಹೇಬರು ಬರೆದರೆ ಕೋಣೆ ವಾಪಸ್. ಅದಕ್ಕೇ ಬೆಳಿಗ್ಗೆ ಕಾನ್ವೆಂಟಿನ ವ್ಯಾನು ರಿಜಿಸ್ಟರಿನ ಹೆಸರುಗಳಿಗೆ ಓಗೊಡಲು ಮೂವತ್ತು ಮಕ್ಕಳನ್ನು ತಂದು ಸುರುವಿತ್ತು.

"ನನ್ನ ಮಗಳು ಸಾಕ್ಷಿ ದಿನಾ ಬರ್ತಾಳ್ರಿ ಸಾವ್ಕಾರ್ರ. ಆಕಿಗ್ಯಾಕ ಕೊಂಡಿ?"

"ಏಳನೇ ಕ್ಲಾಸಿನ್ಯಾಗ ಇದ್ದು ಒಂದು ಸಾಲು ಓದಾಕ ಎಮ್ಮಿ ಈಯೂ ಹಾಂಗ ತಿಣಕತಾಳ. ನಿಮ್ಮ ಓಣಿ ಮಂದಿ ತಲಿಗೆ ಹತ್ತೋದು ಅಷ್ಟ. ಗಪ್ ಅನ್ನ ಕುದಸು, ರಂಡೆ."

ಓದಿಸಬೇಕಾದ ಹೆಡ್ ಮಾಸ್ತರ್ ಓಂಪ್ರಕಾಶ ಪಕ್ಕದಲ್ಲೇ ಹಲ್ಲು ಗಿಂಜಿದ. ಎರಡು ವರ್ಷದಲ್ಲಿ ಆತ ಪುಸ್ತಕ ತೆರೆದದ್ದಕ್ಕಿಂತ ಮಹಾರುದ್ರಪ್ಪನ ಕಾರಿನ ಬಾಗಿಲು ತೆರೆದದ್ದೇ ಹೆಚ್ಚು.

ಸಾಹೇಬರು ಬಂದರು. ತಂದ ಮಕ್ಕಳು ಎದ್ದು "ಗುಡ್ ಮಾರ್ನಿಂಗ್ ಸರ್" ಎಂದು ರಾಗ ಎಳೆದರು. ಈ ಶಾಲೆಯಲ್ಲಿ ಯಾರೂ ಹಾಗೆನ್ನುವುದಿಲ್ಲ. ಸಾಹೇಬರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗುವುದು ಬೇಡವಾಗಿತ್ತೋ, ನಕ್ಕು ಕುರ್ಚಿ ತುಂಬಿದರು. ಹಾಜರಿ ಶುರುವಾಯಿತು.

ಅನ್ನ ಬಸಿಯುತ್ತಿದ್ದ ಸೂಗಮ್ಮನ ಕಿವಿಗೆ ಗೋಡೆಯಾಚೆಯಿಂದ ಮಗಳ ಹೆಸರು ಬಿತ್ತು. "ಯಸ್ ಸರ್!" ಯಾವಳದೋ ಗಂಟಲು. ಆ ಹುಡುಗಿ ನಲ್ಲಿ ಬಿಟ್ಟಂತೆ ಪಾಠ ಓದಿದಳು.

"ಶಾಬಾಸ್ ಸಾಕ್ಷಿ!" ಎಂದರು ಸಾಹೇಬರು.

ಅಕ್ಕಿ ಚೀಲದ ಮೇಲೆ ಕೂತಿದ್ದ ಸಾಕ್ಷಿ ತಲೆ ಎತ್ತಿದಳು. "ಯವ್ವಾ, ನನ್ನ ಹೆಸರ ಅಕಿ ಒಯ್ದಳೇನ? ನಾಳಿ ನಾ ಎಲ್ಲಿ ಕೂಡ್ಲಿ?"

ಸೂಗಮ್ಮ ಬೋಗುಣಿಗೆ ಮುಚ್ಚಳ ಹಾಕಿ, ತಾಟುಗಳ ರಾಶಿಗೆ ಕೈ ಹಾಕಿದಳು.

ಊಟಕ್ಕೆ ಸಾಲು ಕೂತಿತು. ಜಗಳ ಬೇಡವೆಂದು ಈ ಶಾಲೆಯ ಮಕ್ಕಳು ತಂತಮ್ಮ ತಾಟಿನ ಮೇಲೆ ಮೊಳೆಯಿಂದ ಹೆಸರು ಕೊರೆದಿಟ್ಟುಕೊಂಡಿದ್ದರು. ಸೂಗಮ್ಮ ತಗ್ಗು ಬಿದ್ದ ಒಂದು ತಾಟು ತಂದು ಆ ಹುಡುಗಿಯ ಮುಂದಿಟ್ಟಳು.

"ತಗೋ ಸಾಕ್ಷಿ, ನಿನ್ನ ತಾಟು. ನೀನ ಹೆಸರ ಕೆತ್ತೀದಿಯಲ್ಲ."

"ಛೀ! ಇದರಾಗ ನಾ ಉಣ್ಣಂಗಿಲ್ಲ. ನನ್ನ ಟಿಫಿನ್ ವ್ಯಾನಿನ್ಯಾಗದ."

ಸಾಹೇಬರು ಮೊಬೈಲಿಗೆ ಮುಖ ಹಾಕಿದರು.

"ಒಳಗ ನಡಿ," ಮಹಾರುದ್ರಪ್ಪ ಹಲ್ಲು ಕಡಿದ. "ಇಲ್ಲಂದ್ರ ನಾಳಿಂದ ಕೆಲಸ ಖಲಾಸ್."

ಸೂಗಮ್ಮ ಒಳಗೆ ಹೋಗಿ ಖೋಲಿಯ ಬಾಗಿಲು ಪೂರ್ತಿ ತೆರೆದಳು. ಅನ್ನದ ಬೋಗುಣಿಯನ್ನು ಸಾಲಿನ ನಡುವೆ ಎಳೆತಂದು, ಮುಚ್ಚಳದ ಮೇಲೆ ಗೋಣಿ ಮಡಚಿ ಹಾಕಿ, ಅದರ ಮೇಲೆ ಕೂತುಬಿಟ್ಟಳು.

"ಹಾಜರಿ ಮತ್ತ ಕರೀರಿ, ಮಾಸ್ತರ. ಅಲ್ಲೀತನ ಯಾವ ಸಾಹೇಬ್ಗೂ ಅಗಳು ಸಿಗಂಗಿಲ್ಲ."

"ಏಳಲೇ, ಹಡಬಿಟ್ಟಿ!"

"ಎಬ್ಬಸ್ರಿ, ಸಾವ್ಕಾರ್ರ. ರಟ್ಟಿ ಹಿಡದು ಎಬ್ಬಸ್ರಿ. ಮುಟ್ಟತೀರೇನು?"

ಮಹಾರುದ್ರಪ್ಪನ ಕೈ ಅವಳ ರಟ್ಟೆಗೆ ಗೇಣು ದೂರದಲ್ಲಿ ನಿಂತುಬಿಟ್ಟಿತು. ಓಂಪ್ರಕಾಶ ರಿಜಿಸ್ಟರನ್ನು ಎದೆಗವಚಿಕೊಂಡ. ಯಾರೂ ಯಾರ ಹೆಸರನ್ನೂ ಕರೆಯಲಿಲ್ಲ.

ಸಾಕ್ಷಿ ಖೋಲಿಯಿಂದ ಬಂದಳು. ಆ ಹುಡುಗಿಯ ಮುಂದಿನ ತಾಟು ಎತ್ತಿಕೊಂಡು, ಸಾಹೇಬರ ಕಾಲ ಬಳಿಯೇ ಕೂತು, ಕೈ ಮೇಲೆತ್ತಿದಳು.

"ಹಾಜರ್, ಸರ್."