ಕುಂಕುಮದ ಕೆಳಗಿನ ಪಿಸ್ತೂಲು

ದೇವಕ್ಕನ ಪಾಲಿಗೆ ಅದು ದೇವರು; ಹುಣಸಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಮೊಮ್ಮಗ ಭೀಮಾಶಂಕರನ ಪಾಲಿಗೆ ಬರೀ ತುಕ್ಕು. ಸುರಪುರದ ಅರಸರ ಕಾಲದಲ್ಲಿ ಮನೆತನದ ಹಿರಿಯರೊಬ್ಬರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಿಸ್ತೂಲು ಅದು. ನಳಿಗೆಗೆ ಸೀಸ ಹೊಯ್ದು ಮುಚ್ಚಿ, ಠಾಣೆಯಲ್ಲಿ ಕಾಗದಪತ್ರ ಮಾಡಿಸಿ ಎಷ್ಟೋ ವರ್ಷವಾಗಿತ್ತು. ಗುಂಡು ಹಾರುವುದು ನಿಂತರೂ ಮಹಾನವಮಿಯ ಪೂಜೆ ನಿಂತಿರಲಿಲ್ಲ. ಅತ್ತೆ ಸಾಯುವ ಮುಂಚೆ ಅದನ್ನು ದೇವಕ್ಕನ ಉಡಿಗೆ ಹಾಕಿದ್ದಳು. ಅಂದಿನಿಂದ ವರ್ಷ ವರ್ಷವೂ ಎಣ್ಣೆ ಹಚ್ಚಿ, ಕುಂಕುಮ ಮೆತ್ತಿ, ಬೊಗಸೆ ತುಂಬ ಅಕ್ಷತೆ ಸುರಿದು ಕೈಮುಗಿಯುತ್ತಿದ್ದಳು. ಒರೆಸುವ ಮಾತೇ ಇಲ್ಲ. ದೇವರ ಮೈಮೇಲಿನ ಕುಂಕುಮವನ್ನು ಯಾರಾದರೂ ಒರೆಸುತ್ತಾರೆಯೇ?

ಶಹಾಪುರದಲ್ಲಿ ಹಳೆಯ ವಸ್ತುಗಳ ಪ್ರದರ್ಶನವೆಂದು ಭೀಮಾಶಂಕರ ಅದನ್ನು ಒಯ್ದ. ತುಕ್ಕು ಹಿಡಿದದ್ದೆಂದು ಅಲ್ಲಿಯವರು ಮೂಗು ಮುರಿದರು. ಆ ಸಿಟ್ಟನ್ನೆಲ್ಲ ಪುಣ್ಯಾತ್ಮ ಮನೆಗೆ ಹೊತ್ತು ತಂದ.

"ಆಯಿ, ಪೂಜಿ ಮಾಡಿ ಮಾಡಿ ನೀನ ಇದನ್ನ ಹಾಳು ಮಾಡಿದಿ. ಇನ್ನ ಮುಂದ ಮುಟ್ಟಬ್ಯಾಡ."

ಅತ್ತೆ ನಂಬಿ ಕೊಟ್ಟದ್ದನ್ನು ಕೈಯಾರೆ ಕೆಡಿಸಿದೆನೇ ಎಂದು ದೇವಕ್ಕ ಕೊರಗಿದಳು. ಮರುದಿನ ಪಿಸ್ತೂಲನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಸುರಪುರದ ಬಸ್ಸು ಹತ್ತಿದಳು. ಠಾಣೆಯ ಕಾಗದ ಜೇಬಿನಲ್ಲಿಟ್ಟುಕೊಂಡು, ಮುಖ ಊದಿಸಿಕೊಂಡು, ಮೊಮ್ಮಗನೂ ಹಿಂದೆ ಬಂದ. ಬೀಗ, ಹೊಲಿಗೆ ಮಷೀನು ರಿಪೇರಿ ಮಾಡುವ ಫಿರೋಜನ ಮುಂದೆ ಗಂಟು ಬಿಚ್ಚಿದಳು.

"ಇದರಾಗ ಇನ್ನಾ ಜೀವ ಅದ ಏನಪಾ?"

"ಬರೀ ತುಕ್ಕು ಅದು," ಎಂದು ಭೀಮಾಶಂಕರ ಗೊಣಗಿದ.

"ನೋಡೂನು ತಡೀರಿ, ಅಮ್ಮಾ."

ಫಿರೋಜ್ ಪಾಲಿಶ್ ಪೇಪರು ಮುಟ್ಟಲಿಲ್ಲ. ಚಿಮಣಿ ಎಣ್ಣೆಯಲ್ಲಿ ನೆನೆಯಿಟ್ಟು, ವಾರ ಬಿಟ್ಟು ಬರಲು ಹೇಳಿದ. ಬಂದಾಗ ಅವರ ಎದುರಿಗೇ ಬಟ್ಟೆಯಿಂದ ಮೆಲ್ಲಗೆ ಒರೆಸತೊಡಗಿದ. ಎಣ್ಣೆ, ಕುಂಕುಮ ಸೇರಿ ಗಟ್ಟಿಯಾಗಿದ್ದ ಪದರ ಹಳೆಯ ಬೆಲ್ಲದಂತೆ ಬಿಟ್ಟುಕೊಂಡಿತು. ಕೆಳಗೆ ಬೆಳ್ಳಿಯ ಬಳ್ಳಿ, ಎಲೆಗಳ ನಡುವೆ ಒಂದು ಪುಟ್ಟ ಗಿಳಿ!

"ನೀವು ತುಕ್ಕಂದಿದ್ದು ಕುಂಕುಮರೀ," ಎಂದು ಫಿರೋಜ್ ಭೀಮಾಶಂಕರನ ಕಡೆ ನೋಡಿ ನಕ್ಕ. "ಅಮ್ಮಾರು ಎಣ್ಣಿ ಹಚ್ಚಲಾರದ ಬಿಟ್ಟಿದ್ರ ಖರೇನ ತುಕ್ಕು ತಿಂತಿತ್ತು."

ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಘೋಡಾ, ಅಂದರೆ ಹಿಂದಕ್ಕೆ ಎಳೆದು ಬಿಡುವ ಆ ಬಾಗಿದ ಕಬ್ಬಿಣ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಫಿರೋಜ್ ಪಕ್ಕದ ತಗಡು ಬಿಚ್ಚಿ ಚಿಮಟದಿಂದ ಏನನ್ನೋ ಹೆಕ್ಕಿ ಅವಳ ಅಂಗೈಗೆ ಹಾಕಿದ. ಅಕ್ಕಿಕಾಳು. ಒಂದಲ್ಲ, ಹತ್ತಾರು. ಎಷ್ಟೋ ಮಹಾನವಮಿಗಳ ಅಕ್ಷತೆ ಸಂದಿಯಲ್ಲಿ ಇಳಿದು ಕಲ್ಲಾಗಿತ್ತು.

"ಅಯ್ಯ ನನ ಶಿವನ! ಇದು ಮಾತ್ರ ನಂದ ತಪ್ಪು," ಎಂದು ದೇವಕ್ಕ ನಾಚಿ ನಕ್ಕಳು. ಫಿರೋಜ್ ತೊಟ್ಟು ಎಣ್ಣೆ ಬಿಟ್ಟು ಎಳೆದದ್ದೇ ಘೋಡಾ ಟಕ್ಕನೆ ಹಿಂದಕ್ಕೆ ಬಂದು ಕೂತಿತು.

ಮಹಾನವಮಿ ಬಂತು. ಮುಟ್ಟಬೇಡವೆಂದ ಮಾತು ನೆನಪಿದ್ದ ದೇವಕ್ಕ ದೂರವೇ ನಿಂತಿದ್ದಳು. ಭೀಮಾಶಂಕರನೇ ಪೂಜೆಯ ತಟ್ಟೆ ಹಿಡಿದು ಬಂದ.

"ಬಾ ಆಯಿ, ಎಣ್ಣಿ ನೀನ ಹಚ್ಚು. ಆದ್ರ ಅಕ್ಷತಿ ಅದರ ಮ್ಯಾಲ ಹಾಕಬ್ಯಾಡ."

ಎಣ್ಣೆ ಹಚ್ಚಿದಳು, ಮರದ ಹಿಡಿಕೆಗೆ ಒಂದೇ ಬೊಟ್ಟು ಕುಂಕುಮ ಇಟ್ಟಳು. ಬೊಗಸೆ ತುಂಬಿದ್ದ ಅಕ್ಷತೆಯನ್ನು ಮಾತ್ರ ಏನು ಮಾಡುವುದು? ಪಿಸ್ತೂಲನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು, ಅಷ್ಟನ್ನೂ ಅವನ ತಲೆಯ ಮೇಲೆ ಸುರಿದುಬಿಟ್ಟಳು.