ಸ್ಥಾನಪಲ್ಲಟದ ಪಾಠ

ಶನಿವಾರ ಬೆಳಿಗ್ಗೆ ಇಡ್ಲಿ ಹಿಟ್ಟು ಫ್ರಿಜ್ಜಿಗೆ ಸೇರಿಸಿ, ಬಟ್ಟೆ ಡ್ರೈಯರಿಗೆ ಹಾಕಿ, ಉಲ್ಲನ್ ದಾರದ ಉಂಡೆಗಳನ್ನು ಚೀಲದಲ್ಲಿ ತುಂಬಿಕೊಂಡು ಮಗಳು ಯಾಮಿನಿಯ ಜೊತೆ ಗೆಳತಿ ಶ್ರೀಲತಾಳ ಮನೆಗೆ ಹೋದೆ. ಅವಳ ಟೌನ್‌ಹೌಸಿನ ಮುಂದಿನ ಪಾರ್ಕಿಂಗ್ ಜಾಗದಲ್ಲೇ ನಮ್ಮ ಹರ್ನ್‌ಡನ್ ಕನ್ನಡ ಶಾಲೆಯ ಮಕ್ಕಳಿಗೆ ನನ್ನ ವಿಜ್ಞಾನದ ತರಗತಿ. ತಿಂಗಳಿಗೊಂದು ದಿನ ಕಾಗುಣಿತ ಬಿಟ್ಟು ವಿಜ್ಞಾನ ಇರಲಿ ಎಂದು ಹಟ ಹಿಡಿದವಳು ನಾನೇ. ಮದುವೆಗೆ ಮೊದಲು ನಂಜನಗೂಡಿನ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ್ದೆ. ಅಮೆರಿಕದಲ್ಲಿ ಕೆಲಸ ಮಾಡುವ ಪರ್ಮಿಟ್ ನನ್ನ ಕೈಗೆ ಬರುವಷ್ಟರಲ್ಲಿ ಮಗಳಿಗೆ ಒಂಬತ್ತು ತುಂಬಿತ್ತು.

ಬರುವ ಗುರುವಾರ ಇಲ್ಲಿನ ಒಂದು ಮಿಡಲ್ ಸ್ಕೂಲಿನಲ್ಲಿ ನನ್ನ ಡೆಮೊ ಕ್ಲಾಸು. ಅವರಿಗೆ ಹಿಡಿಸಿದರೆ ಆಗಸ್ಟಿನಿಂದ ನಾನು ಅಲ್ಲಿ ವಿಜ್ಞಾನದ ಟೀಚರ್. ಪಾಠ ಅದೇ: ದೂರ, ಸ್ಥಾನಪಲ್ಲಟ, ಜವ. ಹಾಗಾಗಿ ಆ ಶನಿವಾರ ಮಕ್ಕಳಿಗೆ ಆಟ, ನನಗೆ ರಿಹರ್ಸಲ್.

ಮೇಲ್‌ಬಾಕ್ಸ್ ಕಂಬದಿಂದ ಶ್ರೀಲತಾಳ ಬಾಗಿಲಿಗೆ ಹೋಗಬೇಕು, ಆದರೆ ಪ್ರತಿಯೊಬ್ಬರೂ ತಮಗೆ ಬೇಕಾದ ದಾರಿ ಹಿಡಿಯಬೇಕು. ಹೋಗುತ್ತಾ ಕೆಂಪು ದಾರವನ್ನು ನೆಲಕ್ಕೆ ಬಿಡುತ್ತಾ ಹೋಗಬೇಕು. ಒಬ್ಬಳು ಮೂರು ಕಾರುಗಳನ್ನು ಬಳಸಿ ಹೋದಳು. ಇನ್ನೊಬ್ಬ ಪೊದೆಯೊಳಗೆ ನುಗ್ಗಿ ಮುಳ್ಳಿಗೆ ದಾರ ಸಿಕ್ಕಿಸಿಕೊಂಡು ಅತ್ತ. ಆಮೇಲೆ ಕಂಬದಿಂದ ಬಾಗಿಲಿಗೆ ನೇರವಾಗಿ ಒಂದು ಹಳದಿ ದಾರ ಎಳೆದೆವು. ಕೆಂಪು ದಾರ ಬಿಡಿಸಿ ಉದ್ದಕ್ಕೆ ಹಿಡಿದರೆ ಒಬ್ಬೊಬ್ಬರದು ಒಂದೊಂದು ಅಳತೆ. ಹಳದಿ ಮಾತ್ರ ಎಲ್ಲರಿಗೂ ಒಂದೇ.

"ಕೆಂಪು ನೀವು ನಡೆದ ದೂರ. ಹಳದಿ ಸ್ಥಾನಪಲ್ಲಟ. ಎಲ್ಲಿ ಹೇಗೆ ಸುತ್ತಿದ್ರಿ ಅಂತ ಅದು ಕೇಳಲ್ಲ. ಎಲ್ಲಿಂದ ಹೊರಟ್ರಿ, ಎಲ್ಲಿಗೆ ಬಂದ್ರಿ, ಅಷ್ಟೇ," ಎಂದೆ.

"ಸ್ಟಾನ ಪಲ್ಲಟಾ," ಎಂದು ಹೇಳಿ ನೋಡಿದಳು ಶ್ರೀಲತಾಳ ಮಗಳು ರಾಧಿಕಾ. "ಪಲ್ಟಿ ಹೊಡಿಯೋದಾ ಆಂಟಿ?"

"ಪಲ್ಟಿ ಅಲ್ವೇ, ಪಲ್ಲಟ! ಜಾಗ ಬದಲಾಗೋದು."

"ಸೋ, ಇಡೀ ಲಾಟ್ ಸುತ್ತಿ ಮತ್ತೆ ಮೇಲ್‌ಬಾಕ್ಸ್ ಹತ್ರಾನೇ ಬಂದ್ರೆ?"

"ಸೊನ್ನೆ."

"ಅಷ್ಟು ನಡೆದ್ರೂ ಜೀರೋನಾ? ನಾಟ್ ಫೇರ್!"

"ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಲ್ವಾ? ಅದೂ ಸೊನ್ನೇನೇ," ಎಂದೆ. ಮಕ್ಕಳು ನಕ್ಕರು. ಇದನ್ನು ಗುರುವಾರದ ಕ್ಲಾಸಿನಲ್ಲಿ ಹೇಳಲಾಗುವುದಿಲ್ಲವಲ್ಲ, ಅಲ್ಲಿಗೆ ಸುತ್ತು ಓಡಿ ಹೊರಟ ಜಾಗಕ್ಕೇ ಬರುವ ಬೇಸ್‌ಬಾಲಿನ ಹೋಮ್ ರನ್ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ರಾಧಿಕಾ ಕುಣಿದಳು.

"ಆಂಟಿ, ಐ ಗಾಟ್ ಇಟ್! ನೀವು ಅಟ್ಲಾಂಟಾ ಹತ್ರ ಜಾನ್ಸ್ ಕ್ರೀಕ್‌ಗೆ ಶಿಫ್ಟ್ ಆಗ್ತೀರಲ್ಲ, ಅದು ಸ್ಥಾನಪಲ್ಲಟ. ಯಾವ ರೋಡಲ್ಲಿ ಹೋದ್ರೂ ಸೇಮ್!"

ನಾನು ನಕ್ಕೆ. ಮಕ್ಕಳು ಏನೇನೋ ಕಲ್ಪಿಸಿಕೊಳ್ಳುತ್ತಾರೆ ಎಂದು ತಿದ್ದಲು ಬಾಯಿ ತೆರೆದವಳು ಹಾಗೇ ನಿಂತೆ. ಇಲ್ಲಿ ಹುಟ್ಟಿದ ಮಕ್ಕಳು ಮನೆ ಬದಲಾಯಿಸುವುದಕ್ಕೆ ಶಿಫ್ಟ್ ಎನ್ನುವುದಿಲ್ಲ. 'ಮೂವ್' ಎನ್ನುತ್ತಾರೆ. ಇಲ್ಲಿನ ದೊಡ್ಡವರೂ ಈಗ ಹಾಗೇ ಹೇಳುವುದು. ಇಷ್ಟು ವರ್ಷ ಕಳೆದರೂ ಆ ಬೆಂಗಳೂರಿನ ಶಿಫ್ಟ್ ಬಿಡದವರು ನನಗೆ ಗೊತ್ತಿರುವಂತೆ ಒಬ್ಬರೇ, ನನ್ನ ಗಂಡ ಅವಿನಾಶ್.

"ರಾಧಿಕಾ!" ಯಾಮಿನಿ ಕಿರುಚಿದಳು. "ಇಟ್ಸ್ ಎ ಸೀಕ್ರೆಟ್! ಯೂ ಪ್ರಾಮಿಸ್ಡ್!"

ನನ್ನ ಮಗಳು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ದಾರದ ಉಂಡೆ ಬೆನ್ನ ಹಿಂದೆ ಬಚ್ಚಿಟ್ಟಳು, ಏನೋ ಕದ್ದವಳ ಹಾಗೆ. ಜ್ಯೂಸಿನ ಡಬ್ಬಿಗಳನ್ನು ತರುತ್ತಿದ್ದ ಶ್ರೀಲತಾ ಬಾಗಿಲಲ್ಲೇ ನಿಂತುಬಿಟ್ಟಳು.

ಪಾಠ ನಿಲ್ಲಿಸಲಿಲ್ಲ. ಇನ್ನೂ ಜವ ಬಾಕಿ ಇತ್ತು. ಒಬ್ಬಳಿಗೆ ಆರತಿ ತಟ್ಟೆ ಹಿಡಿದ ಮದುಮಗಳ ಹಾಗೆ ನಡೆ ಎಂದೆ, ಒಬ್ಬನಿಗೆ ಸ್ಕೂಲ್ ಬಸ್ ತಪ್ಪಿಹೋಗ್ತಿದೆ ಓಡು ಎಂದೆ. ಫೋನಿನಲ್ಲಿ ಸಮಯ ಹಿಡಿದೆ. ದೂರವನ್ನು ಸಮಯದಿಂದ ಭಾಗಿಸಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಸಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತಿತ್ತು. ಮಕ್ಕಳಿಗೆ ಗೊತ್ತಾಗಲಿಲ್ಲ.

ಮಕ್ಕಳು ಹೋದ ಮೇಲೆ ಶ್ರೀಲತಾ ಹತ್ತಿರ ಬಂದಳು. "ವೇದಾ, ಬೇಜಾರು ಮಾಡ್ಕೋಬೇಡ ಕಣೇ. ಅವಿನಾಶ್ ಕೈ ಮುಗಿದು ಕೇಳ್ಕೊಂಡ್ರು, ಗುರುವಾರ ಮುಗಿಯೋವರೆಗೂ ಹೇಳ್ಬೇಡಿ ಅಂತ."

"ಎಷ್ಟು ದಿನದಿಂದ ಗೊತ್ತು ನಿನಗೆ?"

ಅವಳು ಸಮಾಧಾನ ಮಾಡಲು ಹೋಗಿ ಇನ್ನೊಂದು ಮಾತು ಜಾರಿಸಿದಳು. "ಮನೆ ತುಂಬಾ ಚೆನ್ನಾಗಿದೆ ಕಣೇ. ನನ್ ತಂಗಿ ಅಲ್ಲೇ ಹತ್ರ ಇದಾಳಲ್ಲ, ಹೋಗಿ ವೀಡಿಯೋದಲ್ಲಿ ತೋರಿಸಿದ್ಲು. ಅಡುಗೆಮನೆ ನೋಡಿದ್ರೆ ನೀನು ಬಿಡಲ್ಲ. ಕಿಟಕಿ ಪಕ್ಕಾನೇ ಸಿಂಕ್."

ನಾನು ಅಡುಗೆ ಮಾಡಬೇಕಾದ ಮನೆಯನ್ನು ಇವಳು ನೋಡಿದ್ದಾಳೆ. ಇವಳ ತಂಗಿ ಅದರ ಕಪಾಟುಗಳನ್ನು ತೆರೆದು ಮುಚ್ಚಿದ್ದಾಳೆ. ನಾನು ಸೀಮೆಸುಣ್ಣ ಆರಿಸಿಕೊಂಡು ಹೊರಟೆ.

ಮನೆಗೆ ಬಂದು ಯಾಮಿನಿಯನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಲು ಶುರುಮಾಡಿದೆ. ಮುಖ ನೋಡದೆ ಮಾತಾಡುವುದು ಅವಳಿಗೆ ಸುಲಭ.

"ಅಪ್ಪ ಸೆಡ್ ಇಟ್ಸ್ ಎ ಸರ್‌ಪ್ರೈಸ್. ಅಲ್ಲಿ ಬ್ಯಾಕ್‌ಯಾರ್ಡ್ ಇದೆ, ನಾಯಿಮರಿ ತಗೊಳ್ಳೋಣ ಅಂದ್ರು." ಆಮೇಲೆ ಕೇಳಿದಳು: "ಅಮ್ಮಾ, ಆರ್ ಯೂ ಮ್ಯಾಡ್ ಅಟ್ ಮೀ?"

"ಇಲ್ಲ ಕಂದ."

ನೋವಾಗಿತ್ತು, ಎಲ್ಲರಿಗಿಂತ ಹೆಚ್ಚು ಅವಳಿಂದಲೇ. ದಿನಾ ಸಂಜೆ ಡಿಶ್‌ವಾಷರ್ ತುಂಬುವಾಗ ಪಕ್ಕದಲ್ಲಿ ನಿಂತು, ಸ್ಕೂಲಿನಲ್ಲಿ ಯಾರು ಯಾರ ಪೆನ್ಸಿಲ್ ತೆಗೆದರು ಎಂಬುದನ್ನೂ ಬಿಡದೆ ಹೇಳುವ ಹುಡುಗಿ. ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುತ್ತಾ ಓಡಾಡಿದ್ದಳು. ಮುಚ್ಚಿಡುವುದನ್ನು ಅವಳಿಗೆ ನಮ್ಮ ಮನೆಯಲ್ಲೇ ಕಲಿಸಿದ್ದರು.

ಅವಿನಾಶ್ ಗ್ಯಾರೇಜಿನಲ್ಲಿ ಕಾರು ತೊಳೆಯುತ್ತಿದ್ದರು.

"ಜಾನ್ಸ್ ಕ್ರೀಕ್‌ಗೆ ಯಾವಾಗ ರೀ?" ಎಂದು ಕೇಳಿದೆ.

ಅವರು ಪೈಪು ಕೆಳಗಿಟ್ಟರು. "ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳಿ."

"ವೇದಾ, ಇಲ್ಲಿ ನನ್ನ ಕಾಂಟ್ರಾಕ್ಟ್ ಮುಗೀತಾ ಇದೆ. ಅಟ್ಲಾಂಟಾ ಆಫೀಸಲ್ಲಿ ಒಂದೇ ಜಾಗ ಇತ್ತು, ಅಲ್ಲಿರೋ ನನ್ನ ಫ್ರೆಂಡ್ ಯಶವಂತ್ ಮಾತಾಡಿ ಕೊಡಿಸಿದ. ಬೇಡ ಅಂದಿದ್ರೆ ವೀಸಾ ಗತಿ ಏನು? ನಿನಗೆ ಟೆನ್ಷನ್ ಕೊಡ್ಬಾರ್ದು ಅಂತ... ಡೆಮೊ ಮುಗೀಲಿ ಅಂತ..."

"ಹೋಗೋದೇ ಖಾಯಂ ಅಂದ್ಮೇಲೆ ನನಗೆ ಡೆಮೊ ಯಾಕೆ ರೀ?"

"ನೀನು ಎಷ್ಟು ಖುಷಿಯಾಗಿದ್ದೆ. ದಾರ ಕತ್ತರಿಸ್ಕೊಂಡು, ಆ ಪುಟ್ಟ ಕಾರುಗಳನ್ನ ಟೇಬಲ್ ಮೇಲೆ ಓಡಿಸ್ಕೊಂಡು... ಹಾಳು ಮಾಡೋಕೆ ಮನಸ್ಸಾಗ್ಲಿಲ್ಲ."

ಕೋವಿಡ್ ವರ್ಷದಲ್ಲಿ ಷಾರ್ಲೆಟ್ ನಗರ ಬಿಟ್ಟು ಇಲ್ಲಿಗೆ ಬಂದಾಗ ನಾನು ಅಲ್ಲಿ ಟೀಚರ್ ತರಬೇತಿಗೆ ಸೇರಿದ್ದೆ. ಅದನ್ನು ಅರ್ಧಕ್ಕೇ ಬಿಟ್ಟಿದ್ದೆ. ಆಗ ಕಟ್ಟಿಟ್ಟ ಪೆಟ್ಟಿಗೆಗಳ ಮೇಲೆ ಕೂತು ಅವಿನಾಶ್ ನನ್ನ ಕೈ ಹಿಡಿದು ಹೇಳಿದ್ದರು, ಇನ್ನು ನಿನ್ನನ್ನು ಕೇಳದೆ ಎಲ್ಲಿಗೂ ಹೊರಡುವುದಿಲ್ಲ ಎಂದು. ಆ ಮಾತನ್ನು ನಾನಾಗಿ ಬೇಡಿರಲಿಲ್ಲ. ಅವರಾಗಿಯೇ ಕೊಟ್ಟಿದ್ದರು. ಆಮೇಲೆ ಇಲ್ಲಿ ಮತ್ತೆ ಮೊದಲಿನಿಂದ ಪರೀಕ್ಷೆ ಬರೆದು, ಟೀಚರ್ ಲೈಸೆನ್ಸಿಗೆ ಕಾದು, ಈ ಗುರುವಾರದವರೆಗೆ ಬಂದು ತಲುಪಿದ್ದೆ.

ಹೇಳಿದ್ದರೆ ಜಗಳವಾಡುತ್ತಿದ್ದೆ, ಎರಡು ದಿನ ಅಳುತ್ತಿದ್ದೆ. ವೀಸಾದ ಕಷ್ಟ ನನಗೂ ಗೊತ್ತು. ಕೊನೆಗೆ ನಾನೇ ಹೂಂ ಎನ್ನುತ್ತಿದ್ದೆನೋ ಏನೋ. ಆ ಹೂಂ ಅನ್ನು ನನ್ನ ಬಾಯಿಂದ ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಯಶವಂತ್ ಹತ್ತಿರ ಮಾತಾಡಿದರು, ಶ್ರೀಲತಾಗೆ ಕೈ ಮುಗಿದರು, ಒಂಬತ್ತು ವರ್ಷದ ಮಗುವಿಗೆ ನಾಯಿಮರಿಯ ಆಸೆ ತೋರಿಸಿದರು. ನನ್ನೊಬ್ಬಳಿಗೆ ಮಾತ್ರ ಡೆಮೊ ಎಂಬ ಆಟಿಕೆ ಕೊಟ್ಟು ಕೂರಿಸಿದ್ದರು.

"ಅಲ್ಲೂ ಸ್ಕೂಲುಗಳಿವೆ ವೇದಾ," ಎಂದರು.

"ಇವೆ," ಎಂದು ಒಳಗೆ ಬಂದೆ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.

ಗುರುವಾರ ಹೋದೆ. ಹೋಗದಿರಲು ಕಾರಣವೇ ತೋಚಲಿಲ್ಲ ಎನ್ನಬೇಕು. ಆರನೇ ಗ್ರೇಡಿನ ಮಕ್ಕಳು ಕಾರಿಡಾರಿನ ತುಂಬ ದಾರ ಹಾಸಿದರು. ಒಬ್ಬಳು ಕುಡಿಯುವ ನೀರಿನ ನಲ್ಲಿಯನ್ನು ಸುತ್ತಿ ಬರಲೇಬೇಕೆಂದು ವಾದಿಸಿದಳು. ಒಬ್ಬನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಎಲ್ ಸಾಲ್ವಡಾರಿನಿಂದ ಹೊಸದಾಗಿ ಬಂದವನು. ಅವನಿಗೆ ದಾರದ ಎರಡು ತುದಿ ಹಿಡಿಸಿ ಸುಮ್ಮನೆ ಕಣ್ಣಲ್ಲೇ ಕೇಳಿದೆ. ಅವನು ಒಂದು ತುದಿಯಿಂದ ಇನ್ನೊಂದಕ್ಕೆ ನೇರವಾಗಿ ಬೆರಳು ತೋರಿಸಿದ. ಆ ಗಂಟೆಯಲ್ಲಿ ನನಗೆ ಅವಿನಾಶ್, ಶ್ರೀಲತಾ, ಯಾರ ನೆನಪೂ ಬರಲಿಲ್ಲ.

ಆಮೇಲೆ ಪ್ರಿನ್ಸಿಪಾಲ್ ತಮ್ಮ ಕೋಣೆಯಲ್ಲಿ ಕೂರಿಸಿ, ಈ ಕೆಲಸ ನಿಮ್ಮದು ಎಂದರು. ಹೊಸ ಟೀಚರುಗಳು ಮಧ್ಯದಲ್ಲೇ ಊರು ಬಿಟ್ಟು ಹೋಗಿ ಮಕ್ಕಳಿಗೆ ತೊಂದರೆಯಾಗಿದೆ, ನೀವು ಇಡೀ ವರ್ಷ ಇಲ್ಲಿರುತ್ತೀರಾ ಎಂದು ನೇರವಾಗಿ ಕೇಳಿದರು.

"ಇರ್ತೀನಿ," ಎಂದೆ ಇಂಗ್ಲಿಷಿನಲ್ಲಿ. ಯೋಚಿಸಿ ಹೇಳಿದ್ದಲ್ಲ. ಹೇಳಿಯಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಸಂಜೆ ಅವಿನಾಶ್ ಬೇಗ ಬಂದು ಚಿತ್ರಾನ್ನ ಕಲಸಿಟ್ಟಿದ್ದರು. ತಪ್ಪಿಗೆ ಅವರು ಮಾಡುವ ಅಡುಗೆ ಅದೊಂದೇ. ಯಾಮಿನಿ ತಟ್ಟೆ ಇಡುತ್ತಿದ್ದಳು.

"ಹೇಗಾಯ್ತು?"

"ಕೆಲಸ ಕೊಟ್ರು. ಒಪ್ಕೊಂಡೆ. ನೀವು ಹೋಗಿ, ವೀಸಾಗೆ ಅದು ಬೇಕೇ ಬೇಕು. ನಾನು ಇಲ್ಲಿರ್ತೀನಿ."

"ಒಪ್ಕೊಂಡ್ಯಾ? ನನ್ನನ್ನ ಒಂದು ಮಾತು ಕೇಳ್ದೆ?"

ಅಂದವರೇ ಬಾಯಿ ಮುಚ್ಚಿಕೊಂಡರು. ನನಗೆ ಗೆದ್ದ ಹಾಗಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಕೇಳದೆ ತೀರ್ಮಾನ ಮಾಡುವವರು ಈಗ ನಮ್ಮ ಮನೆಯಲ್ಲಿ ಇಬ್ಬರಾದರು, ಅಷ್ಟೇ.

ಯಾಮಿನಿ ಸೌಟು ಹಿಡಿದು ಅವರನ್ನೂ ನನ್ನನ್ನೂ ನೋಡಿದಳು.

"ವೆಯ್ಟ್. ಹಾಗಾದ್ರೆ ನಾನು ಎಲ್ಲಿರೋದು?"

ಅವಿನಾಶ್ ನನ್ನ ಕಡೆ ನೋಡಿದರು. "ನೀನೇ ಹೇಳು," ಎಂದರು ಮೆಲ್ಲಗೆ.

ನಾನು ಕುರ್ಚಿ ಎಳೆದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳ ಕೈಯಿಂದ ಸೌಟು ತೆಗೆದಿಟ್ಟೆ. "ನಿನಗೇನು ಅನ್ಸುತ್ತೆ, ಮೊದಲು ಅದು ಹೇಳು. ಸೀಕ್ರೆಟ್ ಬೇಡ. ಅಪ್ಪನಿಗೂ ಕೇಳಿಸ್ಲಿ," ಎಂದೆ. ಅವಳು ಅಳುತ್ತಾ ಹೇಳತೊಡಗಿದಳು. ಅವಿನಾಶ್ ಎದುರಿಗೆ ಕೂತು ಕೇಳಿದರು. ನಡುವೆ ಒಮ್ಮೆ ಅವರು ಮೇಜಿನ ಮೇಲಿದ್ದ ನನ್ನ ಕೈ ಮುಟ್ಟಲು ಬಂದರು. ನಾನು ನೀರಿನ ಲೋಟ ತೆಗೆದುಕೊಂಡೆ.