ರಾಜೇಂದ್ರನ ಹೆಸರಲ್ಲಿ ಆಡಿದ ಫೈನಲ್

ಹದಿನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆದವನು ನಾನು. ಒಂಬತ್ತು ತಂಡ. ಎಲ್ಲಿಯೂ ಎರಡು ಸೀಸನ್‌ಗಿಂತ ಹೆಚ್ಚು ನಿಲ್ಲಲಿಲ್ಲ. ಮಂಡಿ ಹೋದ ಮೇಲೆ ಯಾರೂ ಕರೆಯಲೂ ಇಲ್ಲ. ಈಗ ಚಂದಾಪುರದಲ್ಲೊಂದು ಬಾಡಿಗೆ ರೂಮು, ಪಕ್ಕದ ಗೋದಾಮಿನಲ್ಲಿ ಕೆಲಸ. ಆರಡಿ ನಾಲ್ಕಿಂಚು ಇದ್ದೇನಲ್ಲ, ಏಣಿ ತರುವ ತಾಪತ್ರಯ ಯಾಕೆಂದು ಮೇಲಿನ ಪೆಟ್ಟಿಗೆಗಳನ್ನೆಲ್ಲ ನನ್ನಿಂದಲೇ ಇಳಿಸುತ್ತಾರೆ. ಇಳಿಸುತ್ತೇನೆ.

ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿಗೆ ಕೋಚ್ ಬೇಕಂತೆ ಎಂದು ಗೊತ್ತಾದದ್ದೇ ತಡ, ಬಸ್ ಹತ್ತಿದೆ. ಮತ್ತೆ ಕೋರ್ಟಿನ ಮೇಲೆ ನಿಲ್ಲಬಹುದು. ನನಗೆ ಬೇಕಾಗಿದ್ದು ಅಷ್ಟೇ. ಅಲ್ಲಿನ ಸಂಘದ ಕಾರ್ಯದರ್ಶಿ ಶ್ಯಾಮಲಾ ಮೇಡಂ ನನ್ನನ್ನು ಕತ್ತೆತ್ತಿ ನೋಡಿದರು.

"ಹೈಟ್ ಏನೋ ಸಕ್ಕತ್ತಾಗಿದೆ. ಆದ್ರೆ ದೊಡ್ಡ ಟೂರ್ನಮೆಂಟ್ ಆಡಿದೀರ ಅನ್ನೋದಕ್ಕೆ ಒಂದಾದ್ರೂ ಪೇಪರ್ ಬೇಕಲ್ವಾ? ಭಾನುವಾರ ತಗೊಂಡ್ಬನ್ನಿ."

ಪೇಪರಂತೆ ಪೇಪರು! ಎಲ್ಲಿಂದ ತರಲಿ? ಕಾರ್ಖಾನೆಗಳ ಟೂರ್ನಮೆಂಟಿನಲ್ಲಿ ನೌಕರರು ಮಾತ್ರ ಆಡಬೇಕು, ಗೆಲ್ಲುವುದಕ್ಕೆ ಮಾತ್ರ ನಮ್ಮಂಥವರು ಬೇಕು. ಹಾಗಾಗಿ ನನ್ನಷ್ಟೇ ಉದ್ದದ ನೌಕರನೊಬ್ಬನ ಗುರುತಿನ ಚೀಟಿ ಕೊಟ್ಟು ಅಂಗಳಕ್ಕಿಳಿಸುತ್ತಿದ್ದರು. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಗೆ ಫೈನಲ್ ಆಡಿದ ದಿನ ನಾನು ರಾಜೇಂದ್ರ. ಮೂವತ್ತೊಂದು ಪಾಯಿಂಟ್ ಹೊಡೆದೆ. ಪಾಯಿಂಟ್ ನಮೂದಿಸಿದ ಸರ್ಟಿಫಿಕೇಟು ನಿಜವಾದ ರಾಜೇಂದ್ರನಿಗೆ ಹೋಯಿತು, ಅದರ ಮೇಲೆ ಪ್ರಮೋಷನ್ನೂ ಬಂತು. ಉಳಿದ ತಂಡಗಳದೂ ಇದೇ ಹಣೆಬರಹ. ಹೀಗೆ ಹೆಸರು ಕೊಟ್ಟವರಲ್ಲಿ ನನಗೆ ಮನೆ ಗೊತ್ತಿದ್ದದ್ದು ರಾಜೇಂದ್ರನದೊಂದೇ. ಹೋದೆ.

ಅವನ ಹೆಂಡತಿ ವನಜಾ ಕಾಫಿ ತಂದುಕೊಟ್ಟು ಎದುರಿಗೇ ಕೂತಳು.

"ನಮ್ಮನೆಯವರ ಆಟ ನೋಡಿದೀರಾ ಅಣ್ಣ? ಫೈನಲ್‌ನಲ್ಲಿ ಒಬ್ರೇ ಮೂವತ್ತೊಂದು!"

ರಾಜೇಂದ್ರ ಲೋಟದಿಂದ ತಲೆ ಎತ್ತಲಿಲ್ಲ.

"ನೋಡಿದೀನಿ ಅಕ್ಕ," ಎಂದೆ. "ಭಾಳ ಚಲೋ ಆಡಿದ್ರು."

ಗೇಟಿನ ಹತ್ತಿರ ವಿಷಯ ಹೇಳಿ ಒಂದು ಪತ್ರ ಕೇಳಿದಾಗ ಅವನು ನನ್ನ ಕೈ ಹಿಡಿದುಕೊಂಡ. "ನೀನೇ ಆಡಿದ್ದು ಅಂತ ಬರೆದ್ರೆ ನನ್ ನೌಕರಿಗೇ ಕುತ್ತು ಕಣೋ. ಬೇರೆ ಏನ್ ಬೇಕಾದ್ರೂ ಬರ್ಕೊಡ್ತೀನಿ." ಬೈಕಿನ ಸೀಟಿನ ಮೇಲೆ ಹಾಳೆಯಿಟ್ಟು ಬರೆದ: ಬಸಲಿಂಗ ಅವರು ನಮ್ಮ ತಂಡದ ಜೊತೆ ಅಭ್ಯಾಸ ಮಾಡುತ್ತಿದ್ದರು, ಒಳ್ಳೆಯ ನಡತೆಯವರು. ತನ್ನ ಮಾತಿಗೆ ತೂಕ ಬರಲೆಂದು ಫೈನಲ್‌ನ ಸರ್ಟಿಫಿಕೇಟಿನ ಜೆರಾಕ್ಸನ್ನೂ ಒಳಗಿಂದ ತಂದು ಜೊತೆಗಿಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಇಟ್ಟ.

ಭಾನುವಾರ ಶ್ಯಾಮಲಾ ಮೇಡಂ ಪತ್ರದ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಜೆರಾಕ್ಸನ್ನು ಮಾತ್ರ ಎರಡು ಸಲ ಓದಿದರು.

"ಫೈನಲ್‌ನಲ್ಲಿ ಮೂವತ್ತೊಂದಾ! ಇವ್ರು ಇಲ್ಲೇ ಬೆಂಗ್ಳೂರಲ್ಲೇ ಇದಾರಾ? ಶನಿವಾರ, ಭಾನುವಾರ ಬಂದ್ರೂ ಸಾಕು. ನೀವು ಅವ್ರ ಕೈಕೆಳಗಿದ್ದು ಬಾಲು, ನೆಟ್ಟು ಎಲ್ಲಾ ನೋಡ್ಕೊಳ್ಳಿ, ಆಗ್ಬಹುದಾ?"

ಹೊಟ್ಟೆ ಉರಿಯಬೇಕಿತ್ತು. ಕೂಗಾಡಬೇಕಿತ್ತು. ಏನೂ ಆಗಲಿಲ್ಲ, ಒಳಗೆ ಖಾಲಿ ಖಾಲಿ. "ಆಗ್ಬಹುದು ಮೇಡಂ," ಎಂದು ನಂಬರ್ ಹೇಳಿದೆ. ಅವರು ನನ್ನೆದುರೇ ಫೋನ್ ಮಾಡಿದರು. ಸ್ವಲ್ಪ ಹೊತ್ತು ಮಾತಾಡಿ, ಒಪ್ಪಿಕೊಂಡರು ಎಂದು ನಕ್ಕರು.

ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ರಾಜೇಂದ್ರ.

"ಬಸಲಿಂಗ, ವನಜಾ ಪಕ್ಕದಲ್ಲೇ ನಿಂತಿದ್ಲು ಕಣೋ, ಇಲ್ಲ ಅನ್ನೋಕಾಗ್ಲಿಲ್ಲ. ಬೈಬೇಡ. ನಂಗೆ ಬಾಲ್ ನೆಟ್ಟಗೆ ಹಿಡಿಯೋಕೂ ಬರಲ್ಲ. ಏನ್ ಮಾಡ್ಲಿ ಗುರು?"

ಬಸ್ಸು ಬಂತು. ಹತ್ತಲಿಲ್ಲ.

"ಶುಕ್ರವಾರ ರಜಾ ಹಾಕಿ ಬಾ," ಎಂದೆ. "ನಾ ಹೇಳಿಕೊಡ್ತೀನಿ."